ಕೊಪ್ಪಳ ಸೀಮೆಯ ಕುರುಚಲು ಕಾಡಿನ ಕಾಲುದಾರಿಗಳು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಕಲ್ಲುಗುಡ್ಡ, ಕುರುಚಲು ಕಾಡು, ಹಳ್ಳದ ದಂಡೆ, ಕಾಲುವೆ ಏರಿ ಹಾಗೂ ಎರೆಬಯಲುಗಳಲ್ಲಿ ನಡಿಗೆಗೂ ಓಟಕ್ಕೂ ಬಳಕೆಯಾಗುವ ದಾರಿಗಳು. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ಇರುವಂತೆ ವಾಕಿಂಗ್, ಜಾಗಿಂಗ್‌ಗೆಂದೇ ಸಜ್ಜುಗೊಳಿಸಿದ ದಾರಿಗಳು ಇವುಗಳಲ್ಲಿ ತೀರ ಕಡಿಮೆ. ಕುರಿ ಕಾಯುವವರು, ಸೌದೆ ಹೊರುವವರು, ಕಲ್ಲು ಒಡೆಯುವವರು, ಹರಕೆ ಹೊತ್ತು ಗುಡ್ಡ ಹತ್ತುವವರು ತಲೆತಲಾಂತರದಿಂದ ತುಳಿದು ಮಾಡಿದ ಹಾದಿಗಳಲ್ಲಿ ಈಗ ಬೆಳಗಿನ ಓಟದ ಹುಡುಗ ಹುಡುಗಿಯರೂ ಚಾರಣಿಗರೂ ಸೇರಿಕೊಂಡಿದ್ದಾರೆ. ಜಿಲ್ಲೆಯ ಅತಿ ಹಳೆಯ ಸಾರ್ವಜನಿಕ ಆಸ್ತಿ ಯಾವುದೆಂದು ಹುಡುಕಿದರೆ ಗುಡಿ, ಕೋಟೆ, ಕೆರೆಗಳಿಗಿಂತ ಮೊದಲು ಈ ಹಾದಿಗಳನ್ನೇ ಎಣಿಸಬೇಕಾಗುತ್ತದೆ. ಗುಡಿಗೆ ಫಲಕವಿದೆ, ಕೋಟೆಗೆ ಕಾವಲಿದೆ. ಹಾದಿಗೆ ಹೆಸರೂ ಇಲ್ಲ, ಹೇಳಿಕೊಳ್ಳುವವರೂ ಇಲ್ಲ.

ನೆಲ ಮತ್ತು ಕಾಡು

ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು 1997ರಲ್ಲಿ ಕೊಪ್ಪಳ ಜಿಲ್ಲೆ ಆದಾಗ ಅದರಲ್ಲಿದ್ದದ್ದು ನಾಲ್ಕೇ ತಾಲ್ಲೂಕು. ಕನಕಗಿರಿ, ಕಾರಟಗಿ, ಕುಕನೂರು ಆಮೇಲೆ ತಾಲ್ಲೂಕುಗಳಾದವು. ಈ ಲೇಖನದಲ್ಲಿ ಹಳೆಯ ನಾಲ್ಕರ ಎಲ್ಲೆಯನ್ನೇ ಇಟ್ಟುಕೊಂಡಿದೆ, ಯಾಕೆಂದರೆ ನೆಲದ ಗುಣ ಈ ನಾಲ್ಕಕ್ಕೆ ಚೆನ್ನಾಗಿ ಹೊಂದುತ್ತದೆ. ತೆಂಕಣ ಮತ್ತು ಮೂಡಣದ ಕೊಪ್ಪಳ, ಗಂಗಾವತಿಗಳದ್ದು ಗುಂಡುಕಲ್ಲಿನ ಬೆಟ್ಟಗಳ ಸೀಮೆ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಇಲ್ಲಿ ಬಿಸಿಲು ಮಳೆಗೆ ಪದರಪದರವಾಗಿ ಸುಲಿದು, ಬಿರುಕುಬಿಟ್ಟು, ಒಂದರ ಮೇಲೊಂದು ಕೂತ ಗುಂಡುಗಳಾಗಿದೆ. ಕಲ್ಲು ಪುಡಿಯಾಗಿ ಬಿದ್ದ ಗರಸೇ ಈ ಕಡೆಯ ಕಾಲುದಾರಿಯ ಹಾಸು. ನೀರು ನಿಲ್ಲುವುದಿಲ್ಲ, ಕೆಸರಾಗುವುದಿಲ್ಲ, ಡಾಂಬರಿನಷ್ಟು ಗಡುಸೂ ಅಲ್ಲ. ಓಡುವ ಕಾಲಿಗೆ ಇದಕ್ಕಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ಇಳಿಜಾರಿನಲ್ಲಿ ಮಾತ್ರ ಅದೇ ಗರಸು ಜಾರುತ್ತದೆ. ಬಡಗಣದ ಕುಷ್ಟಗಿಯಲ್ಲಿ ಕೆಂಪು ಮಸಾರಿ ಮಣ್ಣು ಹೆಚ್ಚು. ಪಡುವಣದ ಯಲಬುರ್ಗಾ, ಕುಕನೂರುಗಳಲ್ಲಿ ಕಪ್ಪು ಎರೆಮಣ್ಣು ಹೆಚ್ಚು.

ವರ್ಷದ ಸರಾಸರಿ ಮಳೆ 600 ಮಿ.ಮೀ. ಒಳಗೇ. ಅಷ್ಟು ನೀರಿಗೆ ತಕ್ಕ ಕಾಡು ಇಲ್ಲಿದೆ: ಜಾಲಿ, ಬೇವು, ಕಾರೆ, ಬಾರಿ, ಕವಳಿ, ಸೀತಾಫಲ, ತಂಗಡಿ, ಬಂದರಿಕೆ, ಕಳ್ಳಿ, ಬಂಡೆಯ ಬಿರುಕಿನಲ್ಲಿ ಬೇರಿಳಿಸಿ ನಿಂತ ಆಲ, ಅರಳಿ. ಎದೆಯೆತ್ತರಕ್ಕೆ ನಿಲ್ಲುವ ಈ ಗಿಡಗಳ ನಡುವೆ ಓಡುವವರಿಗೆ ನೆರಳು ಸಿಗುವುದು ಕಡಿಮೆ, ದೃಷ್ಟಿ ಹಾಯುವುದು ಬಹು ದೂರ. ಮಲೆನಾಡಿನ ಕಾಡು ನೋಡಿ ಬಂದವರು ಇದನ್ನು ಬೀಳು ಎಂದುಕೊಳ್ಳುತ್ತಾರೆ. ಸರ್ಕಾರಿ ಕಡತಗಳೂ ಬಹುಕಾಲ ಹಾಗೇ ಬಗೆದು ಇಂಥ ನೆಲವನ್ನು ಕ್ವಾರಿಗೂ ಕಾರ್ಖಾನೆಗೂ ಸುಲಭವಾಗಿ ಕೊಟ್ಟಿವೆ. ಮುಂಗಾರಿನ ಎರಡು ಹದ ಮಳೆ ಬಿದ್ದ ಮೇಲೆ ಹುಲ್ಲು ಮೊಳೆತು, ತಂಗಡಿ ಹಳದಿಯಾಗಿ, ಕಲ್ಲುಡೋಣಿಗಳಲ್ಲಿ ತಿಳಿನೀರು ನಿಂತಾಗ ಈ ಗುಡ್ಡಗಳಲ್ಲಿ ನಡೆದವರು ಆ ಮಾತು ಆಡಲಾರರು.

ಕಾಡಿನ ನಿಜವಾದ ತೊಂದರೆ ಬಳ್ಳಾರಿ ಜಾಲಿ. ಅಮೆರಿಕ ಖಂಡದ ಒಣಸೀಮೆಯಿಂದ 19ನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಈ ಗಿಡ ಹಳ್ಳದ ದಂಡೆ, ಕೆರೆಯಂಗಳ, ಪಾಳುಬಿದ್ದ ಬಂಡಿದಾರಿಗಳನ್ನೆಲ್ಲ ಆಕ್ರಮಿಸಿದೆ. ಬಡವರಿಗೆ ಸೌದೆಯನ್ನೂ ಇದ್ದಲನ್ನೂ ಕೊಟ್ಟದ್ದು ಇದೇ ಎಂಬುದು ನಿಜ. ಆದರೆ ಎರಡು ವರ್ಷ ಯಾರೂ ಓಡಾಡದ ಹಾದಿಯನ್ನು ಅದು ಪೂರ್ತಿ ಮುಚ್ಚಿಬಿಡುತ್ತದೆ, ಅದರ ಮುಳ್ಳು ತೆಳು ಅಟ್ಟೆಯ ಬೂಟನ್ನು ಸೀಳಿ ಒಳಗಿಳಿಯುತ್ತದೆ. ಈ ಸೀಮೆಯಲ್ಲಿ ದಾರಿ ಉಳಿಯುವುದು ಸವೆದರೆ ಮಾತ್ರ.

ಹಾದಿಗಳ ಹಿನ್ನೆಲೆ

ಗಂಗಾವತಿಯಿಂದ ಸುಮಾರು 10 ಕಿ.ಮೀ. ದೂರದ ಹಿರೇಬೆಣಕಲ್ಲಿನ ಮೊರೇರ ಬೆಟ್ಟದಲ್ಲಿ ಕಬ್ಬಿಣಯುಗದ ಸುಮಾರು 400 ಬೃಹತ್ ಶಿಲಾ ಗೋರಿಗಳಿವೆ. ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವಿನವು ಎಂದು ವಿದ್ವಾಂಸರು ಎಣಿಸುತ್ತಾರೆ. ಮೂರು ನಿಂತ ಚಪ್ಪಡಿ, ಒಂದು ಮುಚ್ಚಳದ ಚಪ್ಪಡಿ, ಎದುರಿನ ಚಪ್ಪಡಿಯಲ್ಲಿ ದುಂಡು ಕಿಂಡಿ: ಹೀಗೆ ಮನೆಯಂತೆ ಕಾಣುವ ಕಟ್ಟಣೆಗಳು ಬೆಟ್ಟದ ಮೇಲೆ ಓಣಿಯೋಪಾದಿ ಸಾಲುಗಟ್ಟಿವೆ. ಮೊರೇರು ಎಂಬ ಕುಳ್ಳ ಜನ ಕಟ್ಟಿಕೊಂಡ ಮನೆಗಳಿವು ಎಂಬುದು ಸುತ್ತಲಿನ ಹಳ್ಳಿಗಳ ನಂಬಿಕೆ. ಅಷ್ಟು ಭಾರದ ಚಪ್ಪಡಿ ಎಬ್ಬಿಸಿದ ಜನಕ್ಕೆ ಹತ್ತುವ ದಾರಿ, ಇಳಿಯುವ ದಾರಿ ಇದ್ದೇ ಇರಬೇಕು. ಬೆಟ್ಟದ ಇಳಿಜಾರು, ಕಣಿವೆಯ ಬಾಯಿ, ನೀರಿನ ನೆಲೆ ಮೂರೂ ಇದ್ದಲ್ಲೇ ಇರುವುದರಿಂದ ಇಂದಿನ ಹಾದಿ ಅಂದಿನ ಜಾಡಿಗೆ ತೀರ ದೂರದ್ದಿರಲಾರದು.

ಕೊಪ್ಪಳದ ಗವಿಮಠದ ಗುಡ್ಡ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಕಿರು ಬಂಡೆಶಾಸನಗಳಿವೆ. 1931ರಲ್ಲಿ ಸ್ಥಳೀಯ ವಿದ್ವಾಂಸ ಎನ್.ಬಿ. ಶಾಸ್ತ್ರಿಯವರು ಇವನ್ನು ಪತ್ತೆಹಚ್ಚಿದರು. ಒಂದೇ ಊರಿನಲ್ಲಿ ಎರಡು ಗುಡ್ಡಗಳ ಮೇಲೆ ಒಂದೇ ಆಜ್ಞೆಯ ಎರಡು ಪ್ರತಿಗಳಿರುವುದು ಅಪರೂಪ. ಜನರಿಗೆ ತಿಳಿಯಲೆಂದು ಬರೆಸಿದ್ದನ್ನು ಜನ ಹಾಯದ ಕಡೆ ಯಾರೂ ಕೆತ್ತಿಸುವುದಿಲ್ಲ. ಆಮೇಲೆ ಇದೇ ಗುಡ್ಡಗಳು ಜೈನರ ಪವಿತ್ರ ಕೊಪಣವಾದವು. ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕೊಪಣನಗರವನ್ನು ಹೆಸರಿಸುತ್ತದೆ. ವರಾಂಗಚರಿತವನ್ನು ಬರೆದ ಜಟಾಸಿಂಹನಂದಿ ಆಚಾರ್ಯರ ಪಾದಗಳ ಗುರುತನ್ನು ಚಾವಯ್ಯ ಎಂಬಾತ ಮಾಡಿಸಿದ ಎಂಬ ಹಳಗನ್ನಡ ಬರಹ ಪಾಲ್ಕಿಗುಂಡಿನ ಬಂಡೆಯ ಮೇಲಿದೆ. ಉಪವಾಸದಿಂದ ದೇಹ ಬಿಡುವ ಸಲ್ಲೇಖನ ವ್ರತಕ್ಕೆ ಕೂತವರನ್ನು ಕಾಣಲು ಹತ್ತಿದವರ ಹಾದಿ ಅದು.

ಕೋಟೆಗಳ ಕಾಲ ಬಂದಾಗ ದಾರಿಗಳ ಸ್ವಭಾವ ಬದಲಾಯಿತು. ಹತ್ತಲು ಸುಲಭವಾಗಬಾರದು, ಹತ್ತಿರದವರಿಗೆ ಮಾತ್ರ ತಿಳಿದಿರಬೇಕು. ಜಬ್ಬಲಗುಡ್ಡದ ಹತ್ತಿರದ ಕುಮ್ಮಟದುರ್ಗ, ಹೇಮಗುಡ್ಡ, ಕೊಪ್ಪಳದ ಕೋಟೆ ಮೂರರಲ್ಲೂ ಇದನ್ನು ಕಾಣಬಹುದು. ಕೊಪ್ಪಳದ ಕೋಟೆಯನ್ನು 1786ರಲ್ಲಿ ಟಿಪ್ಪು ವಶಪಡಿಸಿಕೊಂಡು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದ. 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ಹೋರಾಡಿ ಮಡಿದದ್ದು ಇದೇ ಕೋಟೆಯಲ್ಲಿ.

ಟಿಪ್ಪುವಿನ ನಂತರ ಈ ಸೀಮೆ ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿತ್ತು. ಪಕ್ಕದ ಮುಂಡರಗಿ, ಗಜೇಂದ್ರಗಡಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1947-48ರ ಹೈದರಾಬಾದ್ ವಿಮೋಚನಾ ಹೋರಾಟದಲ್ಲಿ ಗಡಿಯ ಆಚೆ ಹೋರಾಟಗಾರರ ಶಿಬಿರಗಳು ನಡೆದವು. ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿ, ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ ಮುಂದಾಳುಗಳು. ಹೊರದಾರಿಗಳಲ್ಲಿ ನಾಕೆಗಳಿದ್ದವು, ಕಾವಲಿತ್ತು. ಹಳ್ಳಗುಂಟ, ಗುಡ್ಡದ ಸೀಳುದಾರಿಗಳಲ್ಲಿ ರಾತ್ರಿ ನಡೆದು ಬಲ್ಲ ಊರ ಜನ ಇಲ್ಲದಿದ್ದರೆ ಶಿಬಿರದವರು ಗಡಿ ದಾಟುವುದು ಸಾಧ್ಯವಿರಲಿಲ್ಲ. ಆ ಹೋರಾಟದ ಚರಿತ್ರೆಯಲ್ಲಿ ನಾಯಕರ ಹೆಸರುಗಳು ಬಂದಿವೆ. ದಾರಿಗಳ ಹೆಸರೂ ಬರಬೇಕಿತ್ತು.

ಗಂಗಾವತಿಯ ಗುಡ್ಡಗಳು

ನಡೆಯುವವರಿಗೂ ಓಡುವವರಿಗೂ ಜಿಲ್ಲೆಯಲ್ಲಿ ಅತಿ ಸಮೃದ್ಧವಾದ ಭಾಗ ಇದು. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಗಾದೆ ಹುಟ್ಟಿದ್ದು ಈ ಸೀಮೆಯಲ್ಲೇ. ಕನಕಗಿರಿಯ ಕನಕಾಚಲಪತಿ ಗುಡಿಯ ಶಿಲ್ಪವನ್ನು ಕೂತು ನೋಡಬಹುದು, ಹಂಪಿಯನ್ನು ಸುತ್ತಲು ಕಾಲಲ್ಲಿ ಕಸುವು ಬೇಕು. ತುಂಗಭದ್ರೆಯ ಈ ದಡದ ಆನೆಗೊಂದಿಗೂ ಆ ಮಾತು ಸಲ್ಲುತ್ತದೆ.

ಸಾಣಾಪುರ ಕೆರೆಯಿಂದ ಹನುಮನಹಳ್ಳಿ, ಅಂಜನಾದ್ರಿ, ಆನೆಗೊಂದಿಯ ಕಡೆಗೆ ಡಾಂಬರು ರಸ್ತೆ ಇದೆ. ಅದರ ಎಡಬಲಕ್ಕೆ ಗದ್ದೆಯ ಬದು, ಬಾಳೆತೋಟದ ಅಂಚು, ವಿಜಯನಗರ ಕಾಲದ ಕಾಲುವೆಯ ಏರಿ, ಬಂಡೆಗಳ ಸಂದುಗಳಲ್ಲಿ ಒಡೆದು ಹೋಗುವ ಹಾದಿಗಳು ಬೇಕಾದಷ್ಟು. ಪಂಪಾಸರೋವರ, ಶಬರಿ ಗುಹೆ, ದುರ್ಗಾದೇವಿ ಬೆಟ್ಟ, ವಾಲಿ ಕೋಟೆಗಳನ್ನು ರಾಮಾಯಣದ ಕಿಷ್ಕಿಂಧೆಯ ತಾಣಗಳೆಂದು ನಂಬಿ ಜನ ನಡೆಯುತ್ತಾರೆ. ಬೆಳಗಿನ ಹೊತ್ತು ಈ ಹಾದಿಗಳಲ್ಲಿ ಓಡುವುದರ ಸೊಗಸು ನೆಲದ ಬದಲಾವಣೆಯಲ್ಲಿದೆ: ಐದು ನಿಮಿಷ ಗದ್ದೆಯ ತೇವದ ಮಣ್ಣು, ಆಮೇಲೆ ಗರಸು, ಆಮೇಲೆ ಬರಿಬಂಡೆ. ಬಂಡೆಯ ಮೇಲೆ ಓಡುವುದನ್ನು ರೂಢಿಸಿಕೊಳ್ಳಲು ಕಾಲ ಹಿಡಿಯುತ್ತದೆ. ಹೆಜ್ಜೆ ಚಿಕ್ಕದಾಗಬೇಕು, ಕಣ್ಣು ಮೂರು ಹೆಜ್ಜೆ ಮುಂದಿರಬೇಕು. ಬಂಡೆ ಏರುವ ಕ್ರೀಡೆಗೆಂದು ದೇಶವಿದೇಶಗಳಿಂದ ಬರುವವರೂ ಹಂಪಿ, ಆನೆಗೊಂದಿಗಳ ಈ ಗುಂಡುಗಳನ್ನೇ ಅರಸಿ ಬರುತ್ತಾರೆ.

ಅಂಜನಾದ್ರಿಗೆ ಹತ್ತಲು ಸುಣ್ಣ ಬಳಿದ 575 ಮೆಟ್ಟಿಲುಗಳು. ಹನುಮಂತನ ಜನ್ಮಸ್ಥಳವೆಂಬ ನಂಬಿಕೆಯ ಈ ಬೆಟ್ಟಕ್ಕೆ ಮಾರ್ಗಶಿರದ ಹನುಮದ್ವ್ರತದ ಹೊತ್ತಿಗೆ ಮಾಲೆ ಧರಿಸಿದವರು ಸಾವಿರ ಸಾವಿರ ಸಂಖ್ಯೆಯಲ್ಲಿ ನಡೆದು ಬಂದು ಮಾಲೆ ವಿಸರ್ಜಿಸುತ್ತಾರೆ. ಉಳಿದ ದಿನಗಳಲ್ಲಿ ಸುತ್ತಲಿನ ಹುಡುಗರು ಇದೇ ಮೆಟ್ಟಿಲುಗಳನ್ನು ಉಸಿರು ಗಟ್ಟಿ ಮಾಡಿಕೊಳ್ಳಲು ಬಳಸುತ್ತಾರೆ. 2022-23ರ ರಾಜ್ಯ ಬಜೆಟ್‌ನಲ್ಲಿ ಬೆಟ್ಟದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಘೋಷಣೆಯಾಯಿತು. ವಯಸ್ಸಾದವರಿಗೆ ಅನುಕೂಲವಾಗುವ ಏನನ್ನೇ ಮಾಡಿದರೂ ಒಳ್ಳೆಯದೇ. ಬೆಟ್ಟದ ಬುಡದ ಹಾದಿಗಳನ್ನು ಪಾರ್ಕಿಂಗ್ ಜಾಗ ನುಂಗದ ಹಾಗೆ ಮಾಡುವುದೂ ಆ ಅಭಿವೃದ್ಧಿಯ ಭಾಗವಾಗಬೇಕು. ಆನೆಗೊಂದಿ, ಸಾಣಾಪುರ, ವಿರೂಪಾಪುರಗಡ್ಡೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತವೆ. 2020ರ ಫೆಬ್ರವರಿಯ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಿರೂಪಾಪುರಗಡ್ಡೆಯ ರೆಸಾರ್ಟ್‌ಗಳನ್ನು ಕೆಡವಲಾಯಿತು. ಕಟ್ಟಡದ ಮೇಲೆ ಇಷ್ಟು ಕಣ್ಣಿಡುವ ಕಾನೂನಿಗೆ ಕಾಲುದಾರಿಯೂ ಪರಂಪರೆಯೇ ಎಂದು ಕಾಣುವುದು ಕಷ್ಟವಾಗಬಾರದು.

ಹಿರೇಬೆಣಕಲ್ ಹಾದಿಯದ್ದು ಬೇರೆಯೇ ತೂಕ. ಊರು ದಾಟಿ, ಹೊಲಗಳನ್ನು ದಾಟಿ, ಎರಡು ಮೂರು ಕಿ.ಮೀ. ಕಲ್ಲುಹಾದಿಯಲ್ಲಿ ಏರಬೇಕು. ಇದು ಓಡುವ ದಾರಿ ಅಲ್ಲ. ನಡೆದು ಹತ್ತಿ, ಮೇಲಿನ ಸಮತಟ್ಟಿನಲ್ಲಿ ಬೇಕಾದರೆ ಓಡಬಹುದು. ದಾರಿಯ ನಡುವಿನ ಕಲ್ಲಾಸರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳು: ಜಿಂಕೆ, ನವಿಲು, ಕುಣಿಯುವ ಮನುಷ್ಯರು. ಮೇಲೆ, ಎತ್ತರದ ಬಂಡೆಯ ನೆತ್ತಿಯಲ್ಲಿ ಅರೆಗೋಲದ ನಗಾರಿ ಗುಂಡು. ಮರದ ಕೊಡತಿಯಿಂದ ಬಾರಿಸಿದರೆ ಅದರ ದನಿ ಬಹುದೂರ ಕೇಳುತ್ತದೆ. ಚಪ್ಪಡಿ ಎಬ್ಬಿಸಿದ ಹಳ್ಳವೇ ಕೆರೆಯಾಗಿ ಗೋರಿಗಳ ನಡುವೆ ನಿಂತಿದೆ. 19ನೆಯ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಈ ನೆಲೆಯನ್ನು ಹೊರಜಗತ್ತಿಗೆ ತಿಳಿಸಿದ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ ಮೇಲೆ ಬೆಟ್ಟದ ಮೇಲಕ್ಕೆ ವಾಹನ ಹೋಗುವ ರಸ್ತೆ ಬೇಕೆಂಬ ಆಸೆ ಹುಟ್ಟುವುದು ಸಹಜ. ಆದರೆ ಎರಡೂವರೆ ಸಾವಿರ ವರ್ಷ ಈ ಗೋರಿಗಳನ್ನು ಕಾಪಾಡಿದ್ದು ಆ ಕಲ್ಲುಹಾದಿಯ ಕಷ್ಟವೇ. ನಿಧಿ ಹುಡುಕುವವರು ಅಷ್ಟಾಗಿಯೂ ಹಲವನ್ನು ಕೆಡವಿದ್ದಾರೆ. ಜೀಪು ಹತ್ತಿದರೆ ಉಳಿದದ್ದರ ಗತಿ ಊಹಿಸುವುದು ಕಷ್ಟವೇನಲ್ಲ. ಇಲ್ಲಿಗೆ ಬೇಕಾದದ್ದು ಗುರುತುಕಲ್ಲು, ಕುಡಿಯುವ ನೀರು, ಊರಿನವರೇ ದಾರಿ ತೋರಿಸಿ ಕೂಲಿ ಪಡೆಯುವ ಏರ್ಪಾಡು.

ಕುಮ್ಮಟದುರ್ಗದ ಹಾದಿ ಇನ್ನೂ ಮುಳ್ಳು. ಕಂಪಿಲರಾಯನ ಮಗ ಕುಮಾರರಾಮ ದೆಹಲಿಯ ಸುಲ್ತಾನರ ಸೇನೆಯನ್ನು ಎದುರಿಸಿ 14ನೆಯ ಶತಮಾನದಲ್ಲಿ ಮಡಿದ ಕೋಟೆ ಇದು. ಸುತ್ತುಗೋಡೆಗಳ ನಡುವೆ ಇಂದು ಜಾಲಿ, ಕಳ್ಳಿ ಬೆಳೆದಿವೆ. ಕುಮಾರರಾಮನ ಗುಡಿಗೆ ಬರುವ ಭಕ್ತರೂ ದನ ಕುರಿ ಕಾಯುವವರೂ ಓಡಾಡುವುದರಿಂದ ಹಾದಿ ಬದುಕಿದೆ.

ಕೊಪ್ಪಳ

ಜಿಲ್ಲಾ ಕೇಂದ್ರದವರ ಬೆಳಗಿನ ನಡಿಗೆ ಗವಿಮಠದ ಕಡೆಗೆ. ಮಠದ ಗುಡ್ಡ, ಕೆರೆ, ಬಯಲು ಸೇರಿ ಊರಿನ ದೊಡ್ಡ ಅಂಗಳವಾಗಿದೆ. ಜನವರಿಯ ಹೊತ್ತಿಗೆ ಬರುವ ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ, ಸುತ್ತಲಿನ ಹಳ್ಳಿಗಳಿಂದ ರೊಟ್ಟಿಗಳ ಬುತ್ತಿ ಬರುತ್ತದೆ. ಗವಿಮಠದಿಂದ ಮಳೆಮಲ್ಲೇಶ್ವರ, ಪಾಲ್ಕಿಗುಂಡುಗಳ ಕಡೆಗೆ ಗುಡ್ಡಗುಂಟ ಹೋಗಬಹುದು. ಪಾಲ್ಕಿಗುಂಡಿನ ಕೊನೆಯ ಏರಿಕೆಯಲ್ಲಿ ಕೈಯನ್ನೂ ನೆಲಕ್ಕೆ ಊರಬೇಕು. ಎರಡು ಗುಂಡುಗಳ ಮೇಲೆ ಒಂದು ಚಪ್ಪಡಿ ಪಲ್ಲಕ್ಕಿಯ ಚಾವಣಿಯಂತೆ ಕೂತಿದೆ, ಅಶೋಕನ ಅಕ್ಷರಗಳು ಅದರಡಿಯ ಬಂಡೆಯಲ್ಲಿ ಮಳೆಗಾಳಿಗೆ ಸವೆಯುತ್ತಿವೆ.

ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ 2019ರಲ್ಲಿ ಜನ ಹಿರೇಹಳ್ಳದ ಹೂಳು, ಜಾಲಿಯನ್ನು ತೆಗೆದರು. ನೀರಿಗಾಗಿ ಮಾಡಿದ ಕೆಲಸ ಅದು. ಜೊತೆಗೆ ದಂಡೆಯುದ್ದಕ್ಕೂ ನಡೆಯುವ ಜಾಗವೂ ತೆರೆಯಿತು. ಹಳ್ಳದ ದಂಡೆ ಸಮತಟ್ಟು, ಗಾಳಿ ತಂಪು. ಹೊಸದಾಗಿ ಓಡಲು ಕಲಿಯುವವರಿಗೆ ಗುಡ್ಡಕ್ಕಿಂತ ಇದು ಒಳ್ಳೆಯದು.

ಗಿಣಿಗೇರಾ ಸುತ್ತಲಿನ ಕಬ್ಬಿಣ ಕಾರ್ಖಾನೆಗಳ ಕಡೆ ಓಡುವವರಿಗೆ ಮಾತ್ರ ಗಾಳಿಯೇ ತೊಡಕು. ಓಡುವವರು ಕೂತವರಿಗಿಂತ ಹಲವು ಪಟ್ಟು ಗಾಳಿಯನ್ನು ಒಳಗೆಳೆದುಕೊಳ್ಳುತ್ತಾರೆ, ಅದೂ ಬಾಯಿಂದ. ಗಿಡದೆಲೆಯ ಮೇಲೆ ಕೂತ ಕರಿಬೂದಿ ಎದೆಗೂ ಇಳಿಯುತ್ತದೆ. ಕಾರ್ಖಾನೆ ವಿಸ್ತರಣೆಯ ವಿರುದ್ಧ 2025ರಲ್ಲಿ ಕೊಪ್ಪಳದ ಜನ ಬೀದಿಗಿಳಿದಾಗ ಅವರು ಕೇಳಿದ್ದು ಉಸಿರಾಡುವ ಹಕ್ಕನ್ನೇ.

ಕುಷ್ಟಗಿ, ಯಲಬುರ್ಗಾ

ಕುಷ್ಟಗಿಯ ಪಡುವಣ ಅಂಚಿನಲ್ಲಿ ಗ್ರಾನೈಟ್ ಮುಗಿದು ಬಾದಾಮಿ, ಗಜೇಂದ್ರಗಡದ ಕಡೆಯ ಮರಳುಗಲ್ಲಿನ ಗುಡ್ಡಸಾಲು ಶುರುವಾಗುತ್ತದೆ. ಹನುಮಸಾಗರ ಭಾಗದ ಕಬ್ಬರಗಿಯ ಹತ್ತಿರ ಮಳೆಗಾಲದಲ್ಲಿ ಧುಮುಕುವ ಕಪಿಲತೀರ್ಥ ಇದೆ. ಮಳೆ ಸರಿಯಾಗಿ ಬಿದ್ದ ವರ್ಷ ಅಲ್ಲಿಗೆ ಹೋಗುವ ಹಾದಿ ಜಿಲ್ಲೆಯಲ್ಲೇ ತಂಪಾದದ್ದು. ನಿಡಶೇಸಿ ಕೆರೆಯನ್ನು ಜನರೇ ಹೂಳೆತ್ತಿದ ಮೇಲೆ ನೀರು ನಿಂತು ಹಕ್ಕಿ ಬಂದವು, ಹಕ್ಕಿಗಳ ಹಿಂದೆ ನಡೆಯುವವರೂ ಬಂದರು.

ಯಲಬುರ್ಗಾ, ಕುಕನೂರುಗಳ ಎರೆಬಯಲಿನಲ್ಲಿ ಮರ ಕಡಿಮೆ, ಆಕಾಶ ದೊಡ್ಡದು. ಇಟಗಿಯ ಮಹಾದೇವ ದೇವಾಲಯ 1112ರದ್ದು, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಕುಕನೂರಿನ ನವಲಿಂಗ ಗುಡಿ ಅದಕ್ಕಿಂತ ಹಳೆಯದು. ಎರಡರ ನಡುವಿನ ಹೊಲದಾರಿಗಳಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ ನಿಂತಿರುವ ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ನಡೆಯಬೇಕು. ಮಳೆ ಬಂದ ಮರುದಿನ ಎರೆಹಾದಿಯಲ್ಲಿ ಓಡುವುದು ಆಗದ ಮಾತು, ಬೂಟಿಗೆ ಮೆತ್ತಿದ ಮಣ್ಣೇ ಕಾಲನ್ನು ಹಿಡಿಯುತ್ತದೆ. ಗಾಳಿಯಂತ್ರಗಳಿಗೆಂದು ದಿಬ್ಬಗಳ ಮೇಲೆ ಮಾಡಿದ ಗರಸಿನ ರಸ್ತೆಗಳು ಈಗ ಅಲ್ಲಿನ ಓಟಗಾರರ ದಾರಿಗಳಾಗಿವೆ.

ಓಡುವವರು

ಜಾಗಿಂಗ್ ಎಂಬ ಅಭ್ಯಾಸ ಜಗತ್ತಿಗೆ ಹಬ್ಬಿದ್ದು ನ್ಯೂಜಿಲೆಂಡಿನಿಂದ. ಆರ್ಥರ್ ಲಿಡಿಯಾರ್ಡ್ ಎಂಬ ತರಬೇತುದಾರನ ಪ್ರೇರಣೆಯಿಂದ 1962ರಲ್ಲಿ ಆಕ್ಲೆಂಡಿನಲ್ಲಿ ನಡುವಯಸ್ಸಿನವರು ಎದೆಯ ಆರೋಗ್ಯಕ್ಕಾಗಿ ಸಾವಕಾಶ ಓಡುವ ಸಂಘ ಕಟ್ಟಿದರು. 1968ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕಾಡಿನೊಳಗೆ ಓಡುತ್ತ, ನಡುನಡುವೆ ಮರದ ದಿಮ್ಮಿಗಳ ಬಳಿ ಕಸರತ್ತು ಮಾಡುವ ದಾರಿ ಹುಟ್ಟಿತು. ನಮ್ಮಲ್ಲಿ ಅರಣ್ಯ ಇಲಾಖೆ ಸಾಲುಮರದ ತಿಮ್ಮಕ್ಕನ ಹೆಸರಿನಲ್ಲಿ ಮಾಡಿದ ವೃಕ್ಷೋದ್ಯಾನಗಳು ಈ ಬಗೆಗೆ ಹತ್ತಿರದವು.

ಕೊಪ್ಪಳ ಸೀಮೆಯ ಹಳ್ಳಿಗಳಲ್ಲಿ ಓಟ ಶುರುವಾದದ್ದು ಆರೋಗ್ಯದ ಚಿಂತೆಯಿಂದಲ್ಲ, ಕೆಲಸದ ಆಸೆಯಿಂದ. ನಸುಕಿನ ಐದು ಗಂಟೆಗೆ ಊರಾಚೆ ಓಡುವ ಗುಂಪನ್ನು ಕಂಡರೆ ಬಹುತೇಕ ಅವರು ಪೊಲೀಸ್ ಅಥವಾ ಸೈನ್ಯದ ಭರ್ತಿಗೆ ತಯಾರಾಗುತ್ತಿರುವವರು. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಗಂಡಸರು 1600 ಮೀಟರನ್ನು ಆರೂವರೆ ನಿಮಿಷದೊಳಗೆ, ಹೆಂಗಸರು 400 ಮೀಟರನ್ನು ಎರಡು ನಿಮಿಷದೊಳಗೆ ಓಡಿ ಮುಗಿಸಬೇಕು. ಎಲ್ಲ ಊರಲ್ಲೂ ಮೈದಾನ ಎಲ್ಲಿಂದ ಬರಬೇಕು? ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಗಂಗಾವತಿ, ಕಾರಟಗಿ ಭಾಗದವರ ಟ್ರ್ಯಾಕ್ ಆಗಿದೆ; ಒಣಸೀಮೆಯವರಿಗೆ ಗುಡ್ಡದ ಬುಡದ ಬಂಡಿದಾರಿ. ಗೆರೆ ಎಳೆದು, ಕಲ್ಲಿಟ್ಟು ದೂರ ಗುರುತಿಸಿಕೊಳ್ಳುತ್ತಾರೆ. ಹುಡುಗಿಯರು ಒಬ್ಬೊಬ್ಬರೇ ಓಡುವುದು ಇನ್ನೂ ಕಡಿಮೆ. ಅಣ್ಣನೋ ಗೆಳತಿಯೋ ಜೊತೆಗಿರುತ್ತಾರೆ. ಕಾಲುವೆ ಏರಿಗೆ ಒಂದಷ್ಟು ದೀಪ, ಅಂಚಿಗೆ ತಡೆ ಇದ್ದರೆ ಎಷ್ಟು ಜನ ಹೆಣ್ಣುಮಕ್ಕಳು ಮನೆಯಿಂದ ಹೊರಬರುತ್ತಿದ್ದರು ಎಂಬುದನ್ನು ಜಿಲ್ಲೆಯ ಯೋಜನೆ ಬರೆಯುವವರು ಯೋಚಿಸಬೇಕು.

ಕಾಡಿನವರ ಜೊತೆ

ಈ ಹಾದಿಗಳನ್ನು ಕರಡಿ, ಚಿರತೆ, ತೋಳ, ನರಿಗಳೂ ಬಳಸುತ್ತವೆ. ಗಂಗಾವತಿ, ಕೊಪ್ಪಳದ ಗುಂಡುಬೆಟ್ಟಗಳಲ್ಲಿ ಕರಡಿ ಹಗಲು ಗವಿಯಲ್ಲಿ ಮಲಗಿ ಸಂಜೆ ಹೊರಬರುತ್ತದೆ. ಸೀತಾಫಲ, ಕವಳಿ, ಬಾರಿ ಹಣ್ಣಾಗುವ ಕಾಲದಲ್ಲಿ ಊರಂಚಿಗೂ ಬರುವುದುಂಟು. ಕರಡಿಗಳಿಗಾಗಿಯೇ ನದಿಯಾಚೆ 1994ರಲ್ಲಿ ದರೋಜಿ ಕರಡಿಧಾಮ ಆಯಿತು. 2020ರ ಕೊನೆಯಲ್ಲಿ ಆನೆಗೊಂದಿ ಸುತ್ತ ಚಿರತೆ ದಾಳಿಯಿಂದ ಜೀವ ಹೋದಾಗ ಬೆಟ್ಟಗಳ ಕಡೆ ಜನ ಸುಳಿಯದಂತಾಯಿತು. ತಪ್ಪನ್ನು ಚಿರತೆಯ ಮೇಲೆ ಹೊರಿಸಿ ಮುಗಿಸುವ ಹಾಗಿಲ್ಲ. ಕ್ವಾರಿಗಳು ಗುಡ್ಡ ತಿಂದಷ್ಟೂ ಅದರ ಜಾಗ ಕಡಿಮೆಯಾಗುತ್ತ ಬಂದಿದೆ.

ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರಿನ ತೋಳಧಾಮವಿದೆ, ರಾಜ್ಯದಲ್ಲಿ ಈ ಬಗೆಯದ್ದು ಮೊದಲನೆಯದು. ಕುರುಚಲು ಕಾಡು, ಸಣ್ಣ ಗುಡ್ಡ, ಕಲ್ಲುಗವಿ ಇವೆಲ್ಲ ತೋಳಕ್ಕೆ ಹೇಳಿ ಮಾಡಿಸಿದ ನೆಲೆ. 2025ರಲ್ಲಿ ಅಲ್ಲಿ ತೋಳವೊಂದು ಎಂಟು ಮರಿ ಹಾಕಿದ ಸುದ್ದಿ ಬಂದಾಗ, ಬೀಳು ಎಂದು ಹೆಸರಿಟ್ಟ ನೆಲಕ್ಕೆ ಸಿಕ್ಕ ಗೌರವ ಅದು ಎನಿಸಿತು. ಯಲಬುರ್ಗಾ, ಕುಕನೂರು ಎರೆಹೊಲಗಳಲ್ಲಿ ಚಿಗರಿಗಳ ಹಿಂಡು ಕಾಣುತ್ತದೆ. ಓಡುವವರ ಕಣ್ಣಿಗೆ ಹಬ್ಬವಾದ ಆ ಹಿಂಡು ಬೆಳೆ ಕಳೆದುಕೊಳ್ಳುವ ರೈತನಿಗೆ ನಷ್ಟ. ಮುದ್ಲಾಪುರದಿಂದ ಕಂಪ್ಲಿವರೆಗಿನ ತುಂಗಭದ್ರೆಯ 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಸಾರಲಾಯಿತು. ನದಿಯಲ್ಲಿ ಮೊಸಳೆಗಳೂ ಇವೆ. ಓಟದ ದಣಿವಿಗೆ ನೀರಿಗಿಳಿಯುವ ಮೊದಲು ಊರವರನ್ನು ಕೇಳಬೇಕು.

ಕಾಲ ಮತ್ತು ಎಚ್ಚರ

ಜುಲೈನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಕಾದ ಬಂಡೆ ಸೂರ್ಯ ಮುಳುಗಿದ ಮೇಲೂ ಬಹಳ ಹೊತ್ತು ಕಾವು ಬಿಡುತ್ತದೆ. ಆ ದಿನಗಳಲ್ಲಿ ಬೆಳಗಿನ ಏಳೂವರೆಯೊಳಗೆ ಗುಡ್ಡದಿಂದ ಇಳಿದಿರಬೇಕು. ಕರಡಿ, ಚಿರತೆಗಳ ಹೊತ್ತು ನಸುಕು ಮತ್ತು ಮುಸ್ಸಂಜೆ; ಅದಕ್ಕಾಗಿ ಬೆಟ್ಟದ ಹಾದಿಯಲ್ಲಿ ಬೆಳಕು ಹರಿಯುವ ಮೊದಲು ಓಡದಿರುವುದು, ಇಬ್ಬರು ಮೂವರಾಗಿ ಮಾತಾಡುತ್ತ ಹೋಗುವುದು, ಕಿವಿಗೆ ಇಯರ್‌ಫೋನ್ ಹಾಕದಿರುವುದು ಒಳಿತು. ಕೊಳಕುಮಂಡಲ, ಗರಗಸಮಂಡಲ ಹಾವುಗಳು ಗರಸಿನ ಬಣ್ಣಕ್ಕೆ ಬೆರೆತು ಬಿದ್ದಿರುತ್ತವೆ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಾಲು ಅಲುಗಿಸದೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಕ್ವಾರಿಗಳ ಹತ್ತಿರ ಸಿಡಿಮದ್ದಿನ ಹೊತ್ತು ವಿಚಾರಿಸಿಕೊಳ್ಳಬೇಕು. ಕಾಯ್ದಿಟ್ಟ ಅರಣ್ಯಕ್ಕೆ ಇಲಾಖೆಯ ಅನುಮತಿ ಬೇಕು.

ದಾರಿಯ ದಾಖಲೆ

ಊರಿನ ಗ್ರಾಮನಕ್ಷೆಯಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕೆಗೆರೆಗಳಲ್ಲಿ ತೋರಿಸಿರುತ್ತಾರೆ. ರೈತರು ತಹಶೀಲ್ದಾರರ ಮುಂದೆ ವಾದಿಸುವಾಗ ‘ನಕಾಶೆ ಕಂಡ ದಾರಿ’ ಎಂದು ಹೇಳುವುದು ಇವನ್ನೇ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೆಯ ಕಲಮಿನಂತೆ ಸಾರ್ವಜನಿಕ ರಸ್ತೆ, ಓಣಿ, ಹಾದಿಗಳು ಸರ್ಕಾರದ ಆಸ್ತಿ. ನಕಾಶೆಯಲ್ಲಿ ಕಾಣದ, ರೂಢಿಯಿಂದ ಮಾತ್ರ ಉಳಿದ ಹಾದಿಗಳ ಪಾಡು ಕಷ್ಟದ್ದು. ಹೊಲ ಕೈ ಬದಲಾಯಿಸಿದಾಗ, ತಂತಿಬೇಲಿ ಬಿದ್ದಾಗ, ಸೋಲಾರ್ ಫಲಕಗಳ ಸಾಲು ಬಂದಾಗ ಮೊದಲು ಮುಚ್ಚಿಹೋಗುವುದು ಅವೇ. ಭತ್ತದ ಕೊಯ್ಲಾದ ಗದ್ದೆಗಳಲ್ಲಿ ಕುರಿ ನಿಲ್ಲಿಸಲು ಒಣಸೀಮೆಯಿಂದ ಗಂಗಾವತಿ ಕಡೆಗೆ ಹಿಂಡು ಹೊಡೆದುಕೊಂಡು ಬರುವ ಕುರುಬರು ಈಗ ಡಾಂಬರು ರಸ್ತೆಯಲ್ಲಿ ಲಾರಿಗಳ ನಡುವೆ ಬರಬೇಕಾಗಿರುವುದು ಇದರಿಂದಲೇ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1949ರ ಕಾನೂನು ಕೌಂಟಿ ಆಡಳಿತಗಳಿಗೆ ತಮ್ಮ ಕಾಲುದಾರಿಗಳನ್ನೆಲ್ಲ ಅಳೆದು ಅಧಿಕೃತ ನಕ್ಷೆ ಮಾಡುವ ಹೊಣೆ ಹೊರಿಸಿತು. ನಕ್ಷೆಗೆ ಸೇರಿದ ದಾರಿ ಯಾರ ಜಮೀನಿನಲ್ಲಿ ಹಾದರೂ ನಡೆಯುವ ಹಕ್ಕು ಉಳಿಯುತ್ತದೆ. ಕೊಪ್ಪಳದಲ್ಲಿ ಅದನ್ನು ಮಾಡಲು ದೊಡ್ಡ ಯೋಜನೆ ಬೇಕಾಗಿಲ್ಲ. ಪ್ರತಿ ಗ್ರಾಮ ಪಂಚಾಯಿತಿ ಒಬ್ಬ ಕುರಿಗಾಹಿಯನ್ನೂ ಒಬ್ಬ ಓಡುವ ಹುಡುಗನನ್ನೂ ಮೊಬೈಲ್ ಕೊಟ್ಟು ಜೊತೆಯಾಗಿ ಕಳಿಸಿದರೆ ಸಾಕು, ಹಾದಿಯ ಗೆರೆ ತಾನಾಗಿ ದಾಖಲಾಗುತ್ತದೆ. ಕುರಿಗಾಹಿ ಹೆಸರು ಹೇಳುತ್ತಾನೆ, ಹುಡುಗ ಬರೆದುಕೊಳ್ಳುತ್ತಾನೆ. ಗ್ರಾಮಸಭೆಯಲ್ಲಿ ಅದನ್ನು ಓದಿ ಒಪ್ಪಿಗೆ ಪಡೆದು ತಾಲ್ಲೂಕು ಕಚೇರಿಗೆ ಕಳಿಸಬೇಕು. ಹಿರೇಬೆಣಕಲ್ಲಿನ ಏರುದಾರಿ, ಜಬ್ಬಲಗುಡ್ಡದಿಂದ ಕುಮ್ಮಟಕ್ಕೆ ಹೋಗುವ ಹಾದಿ, ಗವಿಮಠದಿಂದ ಪಾಲ್ಕಿಗುಂಡಿಗೆ ಹೋಗುವ ಗುಡ್ಡದಾರಿ, ಕಬ್ಬರಗಿಯ ಕಪಿಲತೀರ್ಥದ ಹಾದಿ, ಇಟಗಿ ಕುಕನೂರುಗಳ ನಡುವಿನ ಹೊಲದಾರಿ: ಈ ಐದರಿಂದ ಶುರುಮಾಡಬಹುದು.